ಸ್ತನ ಕ್ಯಾನ್ಸರ್: ದೀರ್ಘಾವಧಿ ಬದುಕುಳಿವು ಮತ್ತು ಅದನ್ನು ನಿರ್ಧರಿಸುವ ಅಂಶಗಳು
(ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಿನ್ನೆಲೆಯಲ್ಲಿ)

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿದಾಗ ಮೊದಲ ಹಂತದಲ್ಲಿಯೇ ಸೇರ್ಪಡೆಯಾದ ನಗರಗಳಲ್ಲಿ ಬೆಂಗಳೂರೂ ಒಂದು. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ನೆಲೆಗೊಂಡ ಈ ಜನಸಂಖ್ಯಾಧಾರಿತ ನೋಂದಣಿಯ ವ್ಯಾಪ್ತಿಯನ್ನು ನಗರ ಪ್ರದೇಶಕ್ಕೆ ನಿಗದಿಪಡಿಸಲಾಗಿತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲದ ಹಳ್ಳಿಗಳ ಮಹಿಳೆಯರು ಚಿಕಿತ್ಸೆಗೆಂದು ಬಂದದ್ದು ಇದೇ ನಗರಕ್ಕೆ. ಆದರೆ ನಗರದ ಬದುಕುಳಿವಿನ ಲೆಕ್ಕದಲ್ಲಿ ಅವರು ಸೇರಲಿಲ್ಲ.

ಈ ನೋಂದಣಿಯಲ್ಲಿ 1982ರಿಂದ 1989ರವರೆಗೆ ದಾಖಲಾದ ಸ್ತನ ಕ್ಯಾನ್ಸರ್ ರೋಗಿಗಳನ್ನು ಕುರಿತ ಅಧ್ಯಯನವು 1995ರಲ್ಲಿ ಪ್ರಕಟವಾಯಿತು. ರೋಗನಿರ್ಣಯದ ಐದು ವರ್ಷಗಳ ನಂತರ ಜೀವಂತವಾಗಿದ್ದವರು ಶೇ. 42.3. ಇತರ ಕಾರಣಗಳಿಂದ ಸಹಜವಾಗಿ ಸಂಭವಿಸಬಹುದಾದ ಮರಣಗಳನ್ನು ಸರಿಹೊಂದಿಸಿದಾಗ ದೊರೆಯುವ ‘ಸಾಪೇಕ್ಷ ಬದುಕುಳಿವು’ ಶೇ. 46.8. ಫಲಿತಾಂಶವನ್ನು ನಿರ್ಧರಿಸಿದ ಪ್ರಮುಖ ಅಂಶವೆಂದರೆ ರೋಗವು ಪತ್ತೆಯಾದ ಹಂತ. 2012–15ರ ಅವಧಿಯ ರೋಗಿಗಳನ್ನು ಕುರಿತು ದೇಶದ ಹನ್ನೊಂದು ನೋಂದಣಿ ಕೇಂದ್ರಗಳ ಮಾಹಿತಿಯನ್ನಾಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವು ಐದು ವರ್ಷಗಳ ಬದುಕುಳಿವನ್ನು ಶೇ. 66.4 ಎಂದು ಅಂದಾಜಿಸಿದೆ. ಪ್ರದೇಶ, ಕಾಲ ಮತ್ತು ವಿಧಾನಗಳು ಭಿನ್ನವಾಗಿರುವುದರಿಂದ ಈ ಎರಡು ಸಂಖ್ಯೆಗಳನ್ನು ನೇರವಾಗಿ ಹೋಲಿಸುವುದು ಉಚಿತವಲ್ಲ.

ಹಂತವೆಂಬುದು ಗಡ್ಡೆಯ ಗಾತ್ರ, ಕಂಕುಳಿನ ದುಗ್ಧಗ್ರಂಥಿಗಳಿಗೆ ರೋಗ ಹರಡಿರುವಿಕೆ ಹಾಗೂ ದೂರದ ಅಂಗಗಳಲ್ಲಿ ಅದರ ಇರುವಿಕೆಯನ್ನು ಅವಲಂಬಿಸಿದೆ. ಇವುಗಳಲ್ಲಿ ರೋಗಪೀಡಿತ ಗ್ರಂಥಿಗಳ ಸಂಖ್ಯೆಗೆ ವಿಶೇಷ ಮಹತ್ವವಿದೆ. ಇದರ ಜೊತೆಗೆ ಜೀವಕೋಶಗಳ ದರ್ಜೆ, ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಗ್ರಾಹಕಗಳು ಹಾಗೂ ಹರ್-2 ಪ್ರೋಟೀನನ್ನು ಪರೀಕ್ಷಿಸಲಾಗುತ್ತದೆ. ಈ ಮೂರೂ ಇಲ್ಲದ ‘ತ್ರಿ-ಋಣಾತ್ಮಕ’ ಬಗೆಯು ಭಾರತದ ರೋಗಿಗಳಲ್ಲಿ ಸುಮಾರು ಶೇ. 30ರಷ್ಟಿದ್ದು, ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚಾಗಿದೆ.

ಈ ಬಗೆಗಳು ಕಾಲದೊಂದಿಗೆ ವರ್ತಿಸುವ ರೀತಿ ಬೇರೆ ಬೇರೆ. ತ್ರಿ-ಋಣಾತ್ಮಕ ರೋಗವು ಮರುಕಳಿಸುವುದಾದರೆ ಬಹುಮಟ್ಟಿಗೆ ಮೊದಲ ಕೆಲವು ವರ್ಷಗಳಲ್ಲಿಯೇ ಮರುಕಳಿಸುತ್ತದೆ. ಹಾರ್ಮೋನ್ ಗ್ರಾಹಕವುಳ್ಳ ರೋಗವಾದರೋ ದಶಕಗಳವರೆಗೆ ಸುಪ್ತವಾಗಿರಬಲ್ಲದು. ಐದು ವರ್ಷಗಳ ಹಾರ್ಮೋನ್ ಚಿಕಿತ್ಸೆಯ ನಂತರ ರೋಗಮುಕ್ತರಾಗಿದ್ದವರನ್ನು ಕುರಿತು 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವಿಶ್ಲೇಷಣೆಯ ಪ್ರಕಾರ, 5ನೆಯ ವರ್ಷದಿಂದ 20ನೆಯ ವರ್ಷದೊಳಗೆ ದೂರದ ಅಂಗಗಳಲ್ಲಿ ರೋಗ ಮರುಕಳಿಸುವ ಸಂಭವವು ಚಿಕ್ಕ ಗಡ್ಡೆಯಿದ್ದು ಗ್ರಂಥಿಗಳಿಗೆ ಹರಡದಿದ್ದವರಲ್ಲಿ ಶೇ. 13, ದೊಡ್ಡ ಗಡ್ಡೆಯೊಂದಿಗೆ ನಾಲ್ಕರಿಂದ ಒಂಬತ್ತು ಗ್ರಂಥಿಗಳಿಗೆ ಹರಡಿದ್ದವರಲ್ಲಿ ಶೇ. 41. ಐದು ವರ್ಷವನ್ನು ಗುಣಮುಖತೆಯ ಗಡುವೆಂದು ಭಾವಿಸುವ ರೂಢಿ ಆದ್ದರಿಂದ ಇಂಥವರ ವಿಷಯದಲ್ಲಿ ಅಪಾಯಕರ.

ಇಲ್ಲಿಯೇ ಗ್ರಾಮಾಂತರದ ಪ್ರಶ್ನೆ ಎದುರಾಗುತ್ತದೆ. ಐದು ವರ್ಷಗಳ ಟ್ಯಾಮಾಕ್ಸಿಫೆನ್ ಸೇವನೆಯು ಹಾರ್ಮೋನ್ ಗ್ರಾಹಕವುಳ್ಳ ರೋಗಿಗಳಲ್ಲಿ ಮೊದಲ ಹದಿನೈದು ವರ್ಷಗಳ ಸ್ತನ ಕ್ಯಾನ್ಸರ್ ಮರಣವನ್ನು ಸುಮಾರು ಮೂರನೆಯ ಒಂದರಷ್ಟು ತಗ್ಗಿಸುತ್ತದೆ. ಮಾತ್ರೆ ಅಗ್ಗವಾದುದೇ, ಆದರೆ ನೋವಿಲ್ಲದಿರುವಾಗಲೂ ಅದನ್ನು ವರ್ಷಾನುಗಟ್ಟಲೆ ಬಿಡದೆ ಸೇವಿಸಬೇಕು. ವಿಕಿರಣ ಚಿಕಿತ್ಸೆಗಾದರೆ ವಾರಕ್ಕೆ ಐದು ದಿನಗಳಂತೆ ಹಲವು ವಾರ ಬರಬೇಕು. ಕಿದ್ವಾಯಿ ಸಂಸ್ಥೆಯಿರುವುದು ನಗರದ ದಕ್ಷಿಣದ ಹೊಸೂರು ರಸ್ತೆಯಲ್ಲಿ, ದೊಡ್ಡಬಳ್ಳಾಪುರವಿರುವುದು ಉತ್ತರಕ್ಕೆ. ವಿದ್ಯುತ್ ಮಗ್ಗದ ಕೂಲಿಯನ್ನೇ ನಂಬಿದ ಕುಟುಂಬಕ್ಕೆ ಅಷ್ಟು ದಿನಗಳ ಓಡಾಟವೆಂದರೆ ಮಹಿಳೆಯದಲ್ಲದೆ ಜೊತೆಗೆ ಬರುವವರ ಕೂಲಿಯೂ ನಷ್ಟವಾದಂತೆಯೇ.

ಅರ್ಧದಲ್ಲಿ ನಿಂತುಹೋದವರು ಅಂಕಿಅಂಶಗಳನ್ನೂ ಪ್ರಭಾವಿಸುತ್ತಾರೆ. ಬದುಕುಳಿವನ್ನು ಗಣಿಸುವ ಪ್ರಚಲಿತ ವಿಧಾನದಲ್ಲಿ, ಸಂಪರ್ಕಕ್ಕೆ ಸಿಗದ ರೋಗಿಯನ್ನು ಕೊನೆಯ ಭೇಟಿಯ ದಿನದವರೆಗೆ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಅನಂತರ ಆಕೆಯ ಗತಿ ಉಳಿದವರಂತೆಯೇ ಇರುವುದೆಂದು ಊಹಿಸಲಾಗುತ್ತದೆ. ರೋಗ ಉಲ್ಬಣಿಸಿಯೋ ಹಣವಿಲ್ಲದೆಯೋ ಬರುವುದನ್ನು ನಿಲ್ಲಿಸಿದವರ ವಿಷಯದಲ್ಲಿ ಈ ಊಹೆ ನಿಲ್ಲದು. ಆಸ್ಪತ್ರೆಯ ಬದುಕುಳಿವಿನ ಪ್ರಮಾಣ ವಾಸ್ತವಕ್ಕಿಂತ ಹೆಚ್ಚಾಗಿ ತೋರುತ್ತದೆ. ಬೆಂಗಳೂರು ನೋಂದಣಿಯವರು ಮರಣ ದಾಖಲೆಗಳನ್ನಷ್ಟೇ ನಂಬದೆ ರೋಗಿಗಳ ಮನೆಗಳಿಗೂ ಭೇಟಿಯಿತ್ತು ಮಾಹಿತಿ ಪಡೆದುದರ ಮಹತ್ವ ಇದರಲ್ಲಿದೆ.

ಹಂತವನ್ನು ಹಿಂದಕ್ಕೆ ತರುವ ಮಾರ್ಗವೂ ಪರೀಕ್ಷಿತವಾಗಿದೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ನಡೆಸಿದ ಮುಂಬಯಿಯ ದೀರ್ಘ ಪ್ರಯೋಗದ ಫಲಿತಾಂಶ 2021ರಲ್ಲಿ ಹೊರಬಂದಿತು. ರೋಗವು ಹೆಚ್ಚು ಆರಂಭಿಕ ಹಂತದಲ್ಲಿ ಪತ್ತೆಯಾಯಿತು. 50 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಸ್ತನ ಕ್ಯಾನ್ಸರ್ ಮರಣ ಸುಮಾರು ಶೇ. 30ರಷ್ಟು ತಗ್ಗಿತು, ಅದಕ್ಕಿಂತ ಕಿರಿಯರಲ್ಲಿ ಅಂಥ ಇಳಿಕೆ ಕಾಣಲಿಲ್ಲ. 2016ರ ರಾಷ್ಟ್ರೀಯ ಮಾರ್ಗಸೂಚಿಯು 30ರಿಂದ 65 ವಯೋಮಾನದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಇದೇ ಪರೀಕ್ಷೆಯನ್ನು ವಿಧಿಸಿದೆ. ಎರಡು ವರ್ಷದ ಅಂತರದಲ್ಲಿ ದೊರೆತ ಫಲವನ್ನು ಐದು ವರ್ಷದ ಅಂತರದಿಂದ ನಿರೀಕ್ಷಿಸಲು ಆ ಪ್ರಯೋಗದಲ್ಲಿ ಆಧಾರವಿಲ್ಲ.