ಕಾರವಾರದಲ್ಲಿ ತಿಮಿಂಗಿಲ ಕಂಡೀತೆ?

ಪ್ರಶ್ನೆ: ಕುಟುಂಬ ಸಮೇತ ಕಾರವಾರಕ್ಕೆ ಹೊರಟಿದ್ದೇವೆ. ದೋಣಿ ಹತ್ತಿದರೆ ತಿಮಿಂಗಿಲ ನೋಡಬಹುದೇ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ತಿಮಿಂಗಿಲದ ಆಸೆ ಬೇಡ, ಡಾಲ್ಫಿನ್ ಸಿಕ್ಕೀತು. ಅದೂ ತಿಮಿಂಗಿಲದ ಬಳಗದ್ದೇ. ಕಾಳಿ ನದಿ ಕಡಲು ಸೇರುವ ಕಡೆಯಿಂದ ಕೂರ್ಮಗಡ ದ್ವೀಪದ ಸುತ್ತಮುತ್ತ ಗೂನುಬೆನ್ನಿನ ಡಾಲ್ಫಿನ್‌ಗಳು ಮೀನು ಹುಡುಕಿಕೊಂಡು ಓಡಾಡುತ್ತವೆ. ಸಿನಿಮಾದಲ್ಲಿ ನೋಡಿದಂತೆ ಚಂಗನೆ ಹಾರುವುದು ಅಪರೂಪ. ಮೊದಲು ಬೂದು ಗೂನು, ಅದರ ಮೇಲೆ ಚಿಕ್ಕ ರೆಕ್ಕೆ; ಫುಸ್ಸೆಂದು ಉಸಿರು ಬಿಟ್ಟು ಮತ್ತೆ ಮುಳುಗು, ಅಷ್ಟೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ.

ದೊಡ್ಡ ತಿಮಿಂಗಿಲಗಳು ನಮ್ಮ ಕಡಲಲ್ಲಿ ಇಲ್ಲವೇ ಇಲ್ಲ ಅಂತಲ್ಲ. 2017ರಲ್ಲಿ ಒಮಾನ್ ಬಳಿ ಉಪಗ್ರಹ ಟ್ಯಾಗ್ ಹಾಕಿಸಿಕೊಂಡ ‘ಲುಬಾನ್’ ಎಂಬ ಹೆಣ್ಣು ಹಂಪ್‌ಬ್ಯಾಕ್ ತಿಮಿಂಗಿಲ ಅರಬ್ಬೀ ಸಮುದ್ರ ದಾಟಿ ಗೋವಾ ಸಮೀಪಕ್ಕೆ ಬಂದು, ದಕ್ಷಿಣಕ್ಕೆ ಕನ್ಯಾಕುಮಾರಿಯವರೆಗೂ ಸಾಗಿತ್ತು. ಆದರೆ ನಮ್ಮ ಕರಾವಳಿಯಲ್ಲಿ ದಡದಿಂದ ಬಹುದೂರದವರೆಗೆ ಸಮುದ್ರ ಆಳವಿಲ್ಲ. ದೊಡ್ಡ ತಿಮಿಂಗಿಲಗಳು ಹೆಚ್ಚಾಗಿ ಆಳದ ನೀರಿನಲ್ಲೇ ಇರುತ್ತವೆ; ಪ್ರವಾಸಿ ದೋಣಿ ಅಲ್ಲಿಗೆಲ್ಲ ಹೋಗದು. ಶ್ರೀಲಂಕಾದ ಮಿರಿಸ್ಸಾದಲ್ಲಿ ಆಳ ದಡದ ಹತ್ತಿರವೇ ಶುರುವಾಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನೀಲಿ ತಿಮಿಂಗಿಲ ನೋಡಲೆಂದೇ ಜನ ಅಲ್ಲಿಗೆ ಹೋಗುತ್ತಾರೆ.

ನೀವು ಹಾವೇರಿ, ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿ, ಅಲ್ಲಿಂದ ಕಾರವಾರ ಸೇರಿ. ಮಳೆಗಾಲ ಬಿಟ್ಟು ಹೋಗಿ, ಬೆಳಗ್ಗೆಯೇ ದೋಣಿ ಹತ್ತಿ. ಡಾಲ್ಫಿನ್ ಕಂಡಾಗ ಬೆನ್ನಟ್ಟಲು ಹೇಳದೆ ಎಂಜಿನ್ ನಿಧಾನ ಮಾಡಿಸಿ.