ಗಾಡಿ ಮಣ್ಣಿನಿಂದ ಎದ್ದ ಊರು

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ಹೊರಟ ರೈಲು ಕೋರಮಂಡಲ್ ದಾಟಿದರೆ ಉರಿಗಾಂ. ಈ ಚಿನ್ನದ ಗಣಿ ಸೀಮೆಯಲ್ಲಿ ಎತ್ತ ತಿರುಗಿದರೂ ಬೂದುಬಣ್ಣದ ಮಣ್ಣುಗುಡ್ಡ ಅಡ್ಡ ಬರುತ್ತದೆ. ಜನರ ಬಾಯಲ್ಲಿ ಅದು ಸಯನೈಡ್ ಗುಡ್ಡ.

ಊರಿನ ಕಥೆ ಶುರುವಾಗಿದ್ದೂ ಮಣ್ಣಿನಿಂದಲೇ. 1802ರಲ್ಲಿ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, ಚಿನ್ನದ ಸುದ್ದಿ ಕೇಳಿ, ತೋರಿಸಿದವರಿಗೆ ಇನಾಮು ಎಂದ. ಉರಿಗಾಂ ಹಳ್ಳಿಯವರು ಗಾಡಿ ತುಂಬ ಮಣ್ಣು ಹೇರಿ ತಂದು ಅವನೆದುರೇ ತೊಳೆದರು. ತಳದಲ್ಲಿ ಪುಡಿ ಹೊನ್ನು ಉಳಿಯಿತು. ವಾರನ್ ಬರೆದಿಟ್ಟ.

ಆ ಬರಹ ಸುಮಾರು ಎಪ್ಪತ್ತು ವರ್ಷದ ಮೇಲೆ ಮೈಕೆಲ್ ಲವೆಲ್‌ನ ಕಣ್ಣಿಗೆ ಬಿತ್ತು. ನ್ಯೂಜಿಲೆಂಡಿನಲ್ಲಿ ಕಾದಾಡಿ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸಿಪಾಯಿ ಅವನು. 1875ರಲ್ಲಿ ಗಣಿ ತೋಡಲು ಪರವಾನಗಿ ಪಡೆದ. ದುಡ್ಡು ಸಾಲದೆ ಎರಡೇ ವರ್ಷಕ್ಕೆ ಹಕ್ಕು ಮಾರಿಕೊಂಡ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆಯೇ ಊರು ಊರಾದದ್ದು. ದೊರೆಗಳಿಗೆ ಬಂಗಲೆ, ಕ್ಲಬ್ಬು. ಉತ್ತರ ಆರ್ಕಾಟಿನಿಂದ ಬಂದ ತಮಿಳು ಕೂಲಿಗಳಿಗೆ ತಟ್ಟಿ ಗೋಡೆಯ ಸಾಲುಮನೆ, ಅಂದರೆ 'ಲೈನು'. ಈ ಊರನ್ನು 'ಲಿಟಲ್ ಇಂಗ್ಲೆಂಡ್' ಎಂದು ಕೊಂಡಾಡಿದವರು ಲೈನಿನೊಳಗೆ ಬಗ್ಗಿ ನೋಡಿರಲಾರರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದರು, ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ!

ಇಲ್ಲಿಯ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆ ಮುಟ್ಟಿದರೆ ಸುಡುತ್ತದೆ. ಮೇಲಿನ ಭಾರ ತಾಳದೆ ಒಮ್ಮೊಮ್ಮೆ ಸಿಡಿಯುತ್ತದೆ. ಇಂಥ 'ಏರ್ ಬ್ಲಾಸ್ಟ್' ಆದಾಗ ಮೇಲೆ ಅಡುಗೆಮನೆಯ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಯಾರ ಶಿಫ್ಟು ಒಳಗಿದೆ ಎಂದು ಆ ಗಳಿಗೆಯಲ್ಲಿ ಯಾರೂ ಗಡಿಯಾರ ನೋಡಬೇಕಿರಲಿಲ್ಲ. ಅದೇ ಗಣಿಯ ಆಳದಲ್ಲಿ, 1965ರಲ್ಲಿ, ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದರು. ಚಿನ್ನ ಹುಡುಕುವ ಗುಂಡಿಯಲ್ಲಿ ಆಕಾಶದ ಕಣ!

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಷ್ಟರಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಗಿತ್ತು. ಗಣಿಗೆಂದೇ ಹಾಕಿದ್ದ ರೈಲು ಈಗ ಬೆಳ್ಳಂಬೆಳಿಗ್ಗೆ ಇಲ್ಲಿಯ ಮಕ್ಕಳನ್ನು ಬೆಂಗಳೂರಿನ ಕೆಲಸಕ್ಕೆ ಹೊತ್ತೊಯ್ದು ರಾತ್ರಿ ವಾಪಸು ತಂದು ಬಿಡುತ್ತದೆ. ಅರೆದು, ಸಯನೈಡಿನಲ್ಲಿ ನೆನೆಸಿ, ಹೊನ್ನು ಹಿಂಡಿಕೊಂಡು ಬಿಸಾಕಿದ ಮಣ್ಣು ಮಾತ್ರ ಎಲ್ಲಿಗೂ ಹೋಗಿಲ್ಲ. ಮಳೆ ಬಿದ್ದಾಗ ಅದರ ಮೈಮೇಲೆ ಸುಕ್ಕಿನಂಥ ಕೊರಕಲು. ಗಾಳಿ ಎದ್ದಾಗ ಲೈನಿನ ಹೆಂಗಸರು ಒಣಹಾಕಿದ ಸೀರೆ ಎರಡೆರಡು ಸಲ ಕೊಡವಿ ಒಳಗೆ ಒಯ್ಯುತ್ತಾರೆ.