ಉಸಿರಿನ ವಾದ್ಯಕ್ಕೆ ವಿದ್ಯುತ್ತಿನ ಹೊದಿಕೆ

2023ರ ಆಗಸ್ಟ್ ತಿಂಗಳ ಒಂದು ಸಂಜೆ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಲ್ಯೂಕಾಸ್ ಆಯಿಲ್ ಕ್ರೀಡಾಂಗಣದಲ್ಲಿ ಕುಳಿತಿದ್ದೆ. ಫುಟ್‌ಬಾಲ್‌ಗಾಗಿ ಕಟ್ಟಿದ ಆ ಅಂಗಳದಲ್ಲಿ ಅಂದು ಚೆಂಡು ಇರಲಿಲ್ಲ. ನೂರೈವತ್ತರಷ್ಟು ಹುಡುಗ ಹುಡುಗಿಯರ ತಂಡವೊಂದು ಟ್ರಂಪೆಟ್, ಟ್ಯೂಬಾ, ಡ್ರಮ್ಮುಗಳನ್ನು ಹೊತ್ತು, ಓಡುತ್ತ, ಸುತ್ತುತ್ತ, ಕ್ಷಣಕ್ಕೊಂದು ಆಕೃತಿ ಕಟ್ಟುತ್ತ ನುಡಿಸುತ್ತಿತ್ತು. ಸಂಗೀತ ತಾರಕಕ್ಕೆ ಏರಿದಾಗ ನೆಲ ನಡುಗಿಸುವಂಥ ಮಂದ್ರ ಸ್ವರವೊಂದು ಎದ್ದು ನನ್ನ ಎದೆಗೂಡನ್ನೇ ತುಂಬಿಬಿಟ್ಟಿತು. ‘ಎಂಥ ಉಸಿರು ಈ ಮಕ್ಕಳದು!’ ಎಂದು ಉದ್ಗರಿಸಿದೆ. ಪಕ್ಕದಲ್ಲಿದ್ದವನು ನನ್ನ ತಂಗಿಯ ಮೊಮ್ಮಗ; ಅಲ್ಲಿಯೇ ಹುಟ್ಟಿ ಬೆಳೆದು, ಶಾಲೆಯ ಬ್ಯಾಂಡಿನಲ್ಲಿ ಟ್ಯೂಬಾ ನುಡಿಸುವ ಹದಿನೇಳರ ಹುಡುಗ. ಅವನು ನಕ್ಕು, ‘ಅದು ಉಸಿರಲ್ಲ ತಾತ, ಸಿಂಥಸೈಜರ್. ಟ್ಯೂಬಾಗಳು ಅದರ ಕೆಳಗೆ ಎಲ್ಲೋ ಇವೆ’ ಎಂದ.

ಆ ಉತ್ತರದ ಕೊನೆಯ ಮಾತು ನನ್ನನ್ನು ಇಂದಿಗೂ ಕಾಡುತ್ತಿದೆ.

ಡ್ರಮ್ ಕೋರ್ ಎಂಬ ಹೆಸರು ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಮೊದಲ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು ತಮ್ಮ ತಮ್ಮ ಊರುಗಳಲ್ಲಿ ಕಟ್ಟಿಕೊಂಡ ಬ್ಯೂಗಲ್ ಮತ್ತು ಡ್ರಮ್ಮುಗಳ ತಂಡಗಳೇ ಇದರ ಮೂಲ. ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳು ಊರಿನ ಮಕ್ಕಳಿಗೂ ಇಂಥ ತಂಡಗಳನ್ನು ಕಟ್ಟಿಕೊಟ್ಟು ಸ್ಪರ್ಧೆಗಳನ್ನು ಏರ್ಪಡಿಸಿದವು. ನಿಯಮ ರೂಪಿಸುವಲ್ಲಿ ಹಾಗೂ ಹಣದ ಹಂಚಿಕೆಯಲ್ಲಿ ತಮ್ಮ ಮಾತಿಗೂ ಬೆಲೆಯಿರಬೇಕೆಂದು ಕೆಲವು ತಂಡಗಳ ಮುಖ್ಯಸ್ಥರು 1971ರಲ್ಲಿ ಆ ಸಂಘಗಳಿಂದ ಸಿಡಿದು ಹೊರಬಂದು ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’ ಸ್ಥಾಪಿಸಿದರು. ಮರುವರ್ಷ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಅದರ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಇಂದು ಯಾವುದನ್ನು ‘ಪರಂಪರೆ’ ಎಂದು ಹಿರಿಯರು ಹಂಬಲಿಸುತ್ತಾರೋ ಅದು ಕೂಡ ಒಂದು ಬಂಡಾಯದಿಂದಲೇ ಹುಟ್ಟಿದ್ದು ಎಂಬುದನ್ನು ಮರೆಯಬಾರದು.

ಈ ತಂಡಗಳಲ್ಲಿ ಇಪ್ಪತ್ತೆರಡರ ಆಸುಪಾಸಿಗೆ ನಿವೃತ್ತಿ. ಬೇಸಿಗೆ ರಜೆಯನ್ನೆಲ್ಲ ಇದಕ್ಕೇ ಮುಡಿಪಾಗಿಟ್ಟು ಮಕ್ಕಳು ಬಿಸಿಲಿನಲ್ಲಿ ದಿನವಿಡೀ ಅಭ್ಯಾಸ ಮಾಡುತ್ತಾರೆ; ರಾತ್ರಿ ಬಸ್ಸಿನಲ್ಲಿ ಊರಿಂದೂರಿಗೆ ಪಯಣಿಸಿ, ಯಾವುದೋ ಶಾಲೆಯ ವ್ಯಾಯಾಮಶಾಲೆಯ ನೆಲದ ಮೇಲೆ ಮಲಗುತ್ತಾರೆ. ಇಷ್ಟೆಲ್ಲವೂ ಹನ್ನೊಂದು ಹನ್ನೆರಡು ನಿಮಿಷಗಳ ಒಂದು ಪ್ರದರ್ಶನಕ್ಕಾಗಿ. 1983ರವರೆಗೆ ತೀರ್ಪುಗಾರರು ವಾದಕರ ನಡುವೆಯೇ ಓಡಾಡುತ್ತ, ಕಂಡ ಒಂದೊಂದು ತಪ್ಪಿಗೂ ಒಂದು ಅಂಕದ ಹತ್ತನೇ ಒಂದು ಭಾಗವನ್ನು ಕಳೆಯುತ್ತಿದ್ದರು. ಮರುವರ್ಷದಿಂದ, ಮಾಡಿದ ತಪ್ಪಿನ ಬದಲು ಸಾಧಿಸಿದ್ದನ್ನು ಅಳೆಯುವ ಪದ್ಧತಿ ಬಂತು. ಆಗಲೂ ‘ಇನ್ನು ಶಿಸ್ತು ಸತ್ತಂತೆಯೇ’ ಎಂದು ಮರುಗಿದವರಿದ್ದರು.

ವಾದ್ಯಗಳ ಕಥೆಯೂ ಇಂಥದ್ದೇ. ಸೈನ್ಯದ ಬ್ಯೂಗಲ್‌ಗೆ ವಾಲ್ವ್ ಇಲ್ಲ. ಉಸಿರು, ತುಟಿಗಳ ಬಿಗಿತದಿಂದ ಹುಟ್ಟುವ ಕೆಲವೇ ಸ್ವರಗಳಷ್ಟೇ ಅದರಲ್ಲಿ ಸಾಧ್ಯ. ಅದಕ್ಕೆ ಮೊದಲು ಒಂದು, ಆಮೇಲೆ ಎರಡು, 1990ರಲ್ಲಿ ಮೂರು ವಾಲ್ವ್‌ಗಳು ಬಂದವು. ಹೆಗಲಿಗೆ ತೂಗುಹಾಕಿಕೊಂಡು ನಡೆಯುತ್ತಿದ್ದ ಟಿಂಪನಿ, ಸೈಲೋಫೋನ್‌ಗಳು 1980ರ ದಶಕದಲ್ಲಿ ಮೈದಾನದ ಅಂಚಿನಲ್ಲಿ ನೆಲೆ ನಿಂತವು. ‘ಜಿ’ ಶ್ರುತಿಯ ಬ್ಯೂಗಲ್ಲೇ ಆಗಬೇಕೆಂಬ ಕಟ್ಟಳೆ 2000ದಲ್ಲಿ ಸಡಿಲಗೊಂಡಿತು. 2004ರಲ್ಲಿ ಮೈಕು, ಸ್ಪೀಕರುಗಳಿಗೆ ಅನುಮತಿ ಸಿಕ್ಕಿತು. 2009ರಲ್ಲಿ ಸಿಂಥಸೈಜರ್‌ನಂಥ ಎಲೆಕ್ಟ್ರಾನಿಕ್ ವಾದ್ಯಗಳು ಅಂಗಳಕ್ಕೆ ಇಳಿದವು. ಪ್ರತಿ ಸಲವೂ ಒಂದು ವರ್ಗ ‘ಇದು ನಮ್ಮ ಡ್ರಮ್ ಕೋರ್ ಅಲ್ಲ’ ಎಂದು ಎದ್ದುಹೋಯಿತು; ಮತ್ತೊಂದು ವರ್ಗ ಬಂದು ಆ ಆಸನಗಳಲ್ಲಿ ಕುಳಿತಿತು.

ಬದಲಾವಣೆಯ ಪರವಾದ ವಾದಗಳನ್ನು ಸುಲಭವಾಗಿ ತಳ್ಳಿಹಾಕಲಾಗದು. ಮೈಕು ಇಲ್ಲದ ಕಾಲದಲ್ಲಿ ಮರಿಂಬಾ ನುಡಿಸುವವರು ಬೃಹತ್ ಕ್ರೀಡಾಂಗಣದ ಮೇಲಿನ ಸಾಲಿಗೂ ಕೇಳಿಸಬೇಕೆಂದು ಗಡುಸಾದ ಕೋಲುಗಳಿಂದ ಅದರ ಮರದ ಪಟ್ಟಿಗಳನ್ನು ಬಡಿಯಬೇಕಾಗುತ್ತಿತ್ತು. ವಾದ್ಯವೂ ಹಾಳು, ಕೈಯ ಪಾಠವೂ ಹಾಳು. ಮೈಕು ಬಂದ ಮೇಲೆ ಆ ವಾದ್ಯವನ್ನು ಅದರ ನಿಜವಾದ ಮೃದುತ್ವದಲ್ಲಿ ನುಡಿಸಲು ಸಾಧ್ಯವಾಯಿತು. ಪಿಯಾನೊ ಕಲಿತ ಹುಡುಗಿಗೆ ಮೊದಲು ಇಂಥ ತಂಡದಲ್ಲಿ ತನ್ನ ವಾದ್ಯದೊಡನೆ ಜಾಗವೇ ಇರಲಿಲ್ಲ. ಸಿಂಥಸೈಜರ್ ಅವಳಿಗೆ ಒಂದು ಪೀಠ ಕೊಟ್ಟಿತು. ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ‘ಬ್ಲೂಕೋಟ್ಸ್’ ತಂಡ 2014ರಲ್ಲಿ ‘ಟಿಲ್ಟ್’ ಎಂಬ ಪ್ರದರ್ಶನ ನೀಡಿತು. ಅದರ ಕೊನೆಗೆ ಹಿತ್ತಾಳೆ ವಾದ್ಯಗಳ ಸ್ವರ ಜಾರತೊಡಗುತ್ತದೆ. ಎಲೆಕ್ಟ್ರಾನಿಕ್ ಧ್ವನಿ ಆ ಜಾರುವಿಕೆಯಲ್ಲಿ ಎಷ್ಟು ಹದವಾಗಿ ಬೆರೆಯುತ್ತದೆಂದರೆ, ಇಡೀ ಮೈದಾನವೇ ಓರೆಯಾದಂತೆ ಭಾಸವಾಗುತ್ತದೆ. ಆ ತಂಡಕ್ಕೆ ಆ ವರ್ಷ ದೊರೆತದ್ದು ಎರಡನೆಯ ಸ್ಥಾನ. ಆದರೆ ವಿದ್ಯುತ್ತನ್ನು ವಿರೋಧಿಸುತ್ತಿದ್ದ ಎಷ್ಟೋ ಜನ ಮನಸ್ಸು ಬದಲಿಸಿದ್ದು ಅದನ್ನು ಕೇಳಿದ ಮೇಲೆಯೇ.

ಹಾಗಿದ್ದರೆ ನನ್ನ ತಕರಾರು ಏನು? ಅದನ್ನು ಹೇಳುವ ಮುನ್ನ ಒಂದು ತಪ್ಪೊಪ್ಪಿಗೆ. ಬೆಂಗಳೂರಿನ ನನ್ನ ಮನೆಯ ದೇವರ ಕೋಣೆಯ ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಂಬೂರಿಯ ಪೆಟ್ಟಿಗೆಯೊಂದಿದೆ. ದಿನವೂ ಬೆಳಿಗ್ಗೆ ನಾನು ಅದರ ಗುಂಡಿಯೊತ್ತಿಯೇ ಹಾಡಲು ಕೂರುತ್ತೇನೆ. ತಂತಿ ಹರಿಯುವುದಿಲ್ಲ, ಶ್ರುತಿ ಇಳಿಯುವುದಿಲ್ಲ, ಪಯಣದಲ್ಲಿ ಬುರುಡೆ ಒಡೆಯುವ ಭಯವಿಲ್ಲ. ಆದ್ದರಿಂದ ಅಮೆರಿಕದ ಮಕ್ಕಳಿಗೆ ಶುದ್ಧತೆಯ ಉಪದೇಶ ಮಾಡುವ ನೈತಿಕ ಅಧಿಕಾರ ನನಗಿಲ್ಲ. ಆದರೆ ಆ ಪೆಟ್ಟಿಗೆ ಬಂದ ಮೇಲೆ ನನ್ನ ಗುರುಗಳ ಮನೆಯಲ್ಲಿ ಆದದ್ದೇನು ಎಂಬುದು ನನಗೆ ಗೊತ್ತು. ಹಿಂದೆ ಅವರ ಕಛೇರಿಗಳಲ್ಲಿ ಬೆನ್ನ ಹಿಂದೆ ಕುಳಿತು ತಂಬೂರಿ ಮೀಟುತ್ತಿದ್ದವನು ಶಿಷ್ಯ. ಯಾರೂ ಅವನನ್ನು ಗಮನಿಸುತ್ತಿರಲಿಲ್ಲ, ಚಪ್ಪಾಳೆಯೂ ಅವನಿಗಲ್ಲ. ಆದರೂ ಎರಡು ಮೂರು ಗಂಟೆ ಶ್ರುತಿಯನ್ನು ಹಿಡಿದು ನಿಲ್ಲಿಸುವ ಹೊಣೆ ಅವನದು. ಕೇಳುವುದನ್ನು ಅವನು ಕಲಿಯುತ್ತಿದ್ದುದು ಅಲ್ಲಿಯೇ. ನಾನೂ ಹಾಗೆ ಕೆಲವು ವರ್ಷ ಕುಳಿತವನು. ಪೆಟ್ಟಿಗೆ ಬಂದಿತು, ಶ್ರುತಿ ಸುಭದ್ರವಾಯಿತು, ಶಿಷ್ಯನ ಜಾಗ ಖಾಲಿಯಾಯಿತು.

ಡ್ರಮ್ ಕೋರ್‌ನಲ್ಲಿ ಜಾಗಗಳೇನೂ ಕಡಿಮೆಯಾಗಿಲ್ಲ. ಒಂದು ತಂಡದ ಸದಸ್ಯರ ಮಿತಿ ಹಿಂದಿನ 128ರಿಂದ ಈಗ ನೂರೈವತ್ತನ್ನೂ ದಾಟಿದೆ. ಕಡಿಮೆಯಾಗಿರುವುದು ಹೊಣೆ. ಹತ್ತಾರು ಕಿಲೊ ತೂಗುವ ಟ್ಯೂಬಾವನ್ನು ಹೆಗಲ ಮೇಲೆ ಹೊತ್ತು ಓಡುವ ಹುಡುಗ, ತನ್ನ ಉಸಿರು ತಪ್ಪಿದರೆ ಇಡೀ ಸ್ವರಸೌಧದ ಬುನಾದಿ ಅಲುಗುತ್ತದೆ ಎಂಬ ಅರಿವಿನಿಂದ ನುಡಿಸುತ್ತಾನೆ. ಅದೇ ಸ್ವರವನ್ನು ಅಂಚಿನಲ್ಲಿರುವ ಸ್ಪೀಕರೊಂದು ನಾಲ್ಕು ಪಟ್ಟು ಗಟ್ಟಿಯಾಗಿ ಮೊಳಗಿಸಿದಾಗ, ಅವನು ತಪ್ಪಿದರೂ ಯಾರಿಗೂ ತಿಳಿಯದು. ಚೆನ್ನಾಗಿ ನುಡಿಸಿದರೂ ತಿಳಿಯದು. ಎರಡನೆಯದೇ ಹೆಚ್ಚು ದುಃಖದ ಸಂಗತಿ.

ಇದರ ಜೊತೆಗೆ ಹಣದ ಪ್ರಶ್ನೆಯೂ ಇದೆ. 1970ರ ದಶಕದಲ್ಲಿ ಅಮೆರಿಕದ ಊರೂರುಗಳಲ್ಲಿ ಇದ್ದ ನೂರಾರು ತಂಡಗಳಲ್ಲಿ ಇಂದು ಉಳಿದಿರುವುದು ಕೆಲವೇ ಡಜನ್. ಇದಕ್ಕೆ ವಿದ್ಯುತ್ತನ್ನೊಂದೇ ದೂಷಿಸುವುದು ಅನ್ಯಾಯ; ತಂಡಗಳು ಕರಗತೊಡಗಿದ್ದು ಸಿಂಥಸೈಜರ್ ಬರುವುದಕ್ಕೆ ಎಷ್ಟೋ ಮೊದಲೇ. ದೂರದ ಪ್ರವಾಸಗಳ ವೆಚ್ಚವೇ ಅನೇಕ ತಂಡಗಳನ್ನು ನುಂಗಿತು. ಇಂದು ಮುಂಚೂಣಿಯ ತಂಡದಲ್ಲಿ ನುಡಿಸಬೇಕಾದ ಮಗು ಒಂದು ಬೇಸಿಗೆಗೆ ಹಲವು ಸಾವಿರ ಡಾಲರ್ ಶುಲ್ಕ ತೆರಬೇಕು. ಸ್ಪೀಕರು, ಜನರೇಟರು, ಧ್ವನಿ ಹದಗೊಳಿಸುವ ಯಂತ್ರಗಳು, ಅವನ್ನು ಸಾಗಿಸುವ ಲಾರಿ, ಇವೆಲ್ಲ ಆ ಹೊರೆಯ ಮೇಲೆ ಮತ್ತೊಂದು ಹೊರೆ. ಸಣ್ಣ ಊರಿನ ತಂಡವೊಂದು ಸ್ಪರ್ಧೆಯಲ್ಲಿ ಉಳಿಯಬೇಕಾದರೆ ಅದನ್ನೂ ಹೊರಲೇಬೇಕು.

ಹಾಗೆಂದು ನಿಷೇಧ ಪರಿಹಾರವಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ನಿಷೇಧಿಸಿ, 1971ರಲ್ಲಿ ಅದನ್ನು ಸಡಿಲಿಸಬೇಕಾಗಿ ಬಂದುದು ನಮ್ಮ ಕಣ್ಣ ಮುಂದಿದೆ. ಆ ಮೂರು ದಶಕಗಳಲ್ಲಿ ಹಾರ್ಮೋನಿಯಂ ನಮ್ಮ ಭಜನೆ, ನಾಟಕಗಳಿಂದ ದೂರವಾಗಲಿಲ್ಲ. ಬೇಕಾದ ವಾದ್ಯ ಹೇಗೋ ಒಳಗೆ ಬಂದೇ ಬರುತ್ತದೆ. ಬಂದ ವಾದ್ಯ ಏನು ಮಾಡಬೇಕು ಎಂದು ನಿರ್ಧರಿಸುವುದಷ್ಟೇ ನಮ್ಮ ಕೈಯಲ್ಲಿರುವುದು.

ನನಗೆ ತೋಚುವ ಅಳತೆಗೋಲು ಸರಳವಾದುದು. ಮೈದಾನದಲ್ಲಿರುವ ಯಾವ ಮಗುವೂ ಹುಟ್ಟಿಸಲಾಗದ ಧ್ವನಿಯನ್ನು ಯಂತ್ರ ಹುಟ್ಟಿಸಲಿ; ‘ಟಿಲ್ಟ್’ನಲ್ಲಿ ಆದಂತೆ ಅದು ಮಕ್ಕಳ ಉಸಿರಿಗೆ ಜೊತೆಯಾಗಲಿ. ಅವರು ಈಗಾಗಲೇ ನುಡಿಸುತ್ತಿರುವ ಸ್ವರದ ಮೇಲೆ ಅದು ಹೊದಿಕೆ ಹೊದಿಸದಿರಲಿ. ಇದನ್ನು ಜಾರಿಗೆ ತರಲು ಹೊಸ ಕಾನೂನಿನ ಪುಸ್ತಕವೇನೂ ಬೇಕಿಲ್ಲ. ನೂರು ಅಂಕಗಳಲ್ಲಿ ಸಂಗೀತಕ್ಕೆ, ಒಟ್ಟು ಪರಿಣಾಮಕ್ಕೆ ಪ್ರತ್ಯೇಕವಾಗಿ ಅಂಕ ಕೊಡುವ ತೀರ್ಪುಗಾರರಿದ್ದಾರೆ. ಟ್ಯೂಬಾ ಕೇಳಿಸದಿದ್ದರೆ ಅವರು ಅಂಕ ಕಳೆಯಲಿ. ಸ್ಪರ್ಧೆಯ ಲೋಕದಲ್ಲಿ ಉಪದೇಶಕ್ಕಿಂತ ಅಂಕಕ್ಕೇ ಬೆಲೆ ಹೆಚ್ಚು.

ಅಂದು ಪ್ರದರ್ಶನಕ್ಕೆ ಮುಂಚೆ ಹುಡುಗ ನನ್ನನ್ನು ಕ್ರೀಡಾಂಗಣದ ಹೊರಗೆ ತಂಡಗಳು ಅಣಿಯಾಗುವ ಬಯಲಿಗೆ ಕರೆದೊಯ್ದಿದ್ದ. ಅಲ್ಲಿ ಮೈಕಿಲ್ಲ, ಸ್ಪೀಕರಿಲ್ಲ. ಟ್ಯೂಬಾ ವಾದಕರು ಅರ್ಧವೃತ್ತವಾಗಿ ನಿಂತು ಒಂದೇ ಒಂದು ಮಂದ್ರ ಸ್ವರವನ್ನು ದೀರ್ಘವಾಗಿ ಹಿಡಿದಿದ್ದರು. ಆ ಸ್ವರಕ್ಕೆ ಒಂದು ಅಂಚು ಇತ್ತು, ಉಸಿರು ತೀರುವ ಹೊತ್ತಿನ ಸಣ್ಣ ಕಂಪನವಿತ್ತು. ಅದು ಎಲ್ಲಿಂದ ಬರುತ್ತಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಈಗ ಆ ಹುಡುಗ ಆಯ್ಕೆ ಶಿಬಿರಗಳನ್ನು ದಾಟಿ ತಂಡವೊಂದನ್ನು ಸೇರಿದ್ದಾನೆ. ಕಳೆದ ಬೇಸಿಗೆಯಲ್ಲಿ ದೂರವಾಣಿಯಲ್ಲಿ ಮಾತನಾಡುವಾಗ, ‘ನೀನು ನುಡಿಸುವುದು ಜನಕ್ಕೆ ಕೇಳಿಸುತ್ತದೆಯೇನಪ್ಪಾ?’ ಎಂದು ಕೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, ‘ಪಕ್ಕದವನಿಗೆ ಕೇಳಿಸುತ್ತೆ ತಾತ’ ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಇಡೀ ಬೇಸಿಗೆಯನ್ನು ಧಾರೆಯೆರೆಯುವ ಮಕ್ಕಳ ದನಿ ಪಕ್ಕದವರನ್ನು ದಾಟಿ ಮೇಲಿನ ಸಾಲಿನವರೆಗೂ ಬರಬೇಕು. ಅದಕ್ಕಾಗಿ ದೂರು ಹೇಳಬೇಕಾದವರು ಟಿಕೆಟ್ಟು ಕೊಂಡು ಕೇಳಲು ಹೋಗುವ ನಾವು.